ಎದೆನೋವಿಗೆ ಸೊನ್ನೆ

ಗಿಜೆಲಾಳ ಎದೆನೋವಿಗೆ ಸೊನ್ನೆ ಹಾಕಿದ್ದು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಅರಾಂಕಾ. ಅದೇ ಕೇರಿಯವಳು. ಗಿಜೆಲಾಳ ಮನೆಯಿಂದ ಮೂರನೇ ಗುಡಿಸಲಿನವಳು. ಚಿಕ್ಕವಳಿದ್ದಾಗ ಅದೇ ಗಿಜೆಲಾಳ ಮುಂದೆ ಕೂತು ತಲೆ ಬಾಚಿಸಿಕೊಂಡವಳು. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದಿನ ಕಥೆ ಕೇಳಿದವರು ಡಾಕ್ಟರಮ್ಮನ ಮೇಲೆ ಸಿಟ್ಟಾಗಿ ಅರಾಂಕಾಳನ್ನು ಮರೆತುಬಿಡಬಾರದು. ಅರಾಂಕಾ ತನ್ನನ್ನು ಮರೆಯಲಿಲ್ಲ.

ಪೂರ್ವ ಸ್ಲೊವಾಕಿಯಾದ ಆ ಊರು ಹಳ್ಳದ ಈಚೆಗಿದೆ. ಊರಿನವರು ಜಿಪ್ಸಿಗಳು ಎಂದು ಹೀಯಾಳಿಸುವ ರೋಮಾ ಜನರ ಕೇರಿ ಹಳ್ಳದ ಆಚೆ, ಗುಡ್ಡದ ಮೇಲೆ. ಆಸ್ಪತ್ರೆ ಅಂತ ಇರುವುದು ಊರಿನಲ್ಲಿ, ಎರಡು ಕೋಣೆಯದು. ಮಂಗಳವಾರ ಮತ್ತು ಗುರುವಾರ ಹನ್ನೊಂದರ ಮೇಲೆ ಕೇರಿಯವರು ಬರಬಹುದು. ಹಾಗೆಂದು ಯಾವ ಬೋರ್ಡಿನಲ್ಲೂ ಬರೆದಿಲ್ಲ. ಬರೆಯದಿದ್ದರೂ ಎಲ್ಲರಿಗೂ ಗೊತ್ತು. ಬೇರೆ ದಿನ ಹೋದರೆ ನರ್ಸ್ ಯೋಲಾನಾ ಬಾಗಿಲಲ್ಲೇ ನಿಂತು, "ಇವತ್ತು ನಿಮ್ಮ ದಿನ ಅಲ್ಲ" ಅನ್ನುತ್ತಾಳೆ.

ಅರಾಂಕಾ ಒಂಬತ್ತನೇ ತರಗತಿ ಮುಗಿಸಿದ್ದಳು. ಮೇಲೆ ಒಂದು ವರ್ಷ ನರ್ಸಿಂಗ್ ಶಾಲೆಗೂ ಹೋಗಿದ್ದಳು. ಕೇರಿಯಲ್ಲಿ ಅಷ್ಟು ಓದಿದವರು ಮತ್ತೊಬ್ಬರಿಲ್ಲ. ಹಾಗಾಗಿ ಸರ್ಕಾರ ಆರೋಗ್ಯ ಸಹಾಯಕಿಯ ಕೆಲಸ ಕೊಟ್ಟಾಗ ಅದು ಅವಳಿಗೇ ಬಂತು. ಒಂದು ಬಿಳಿ ಕೋಟು, ಒಂದು ಗುರುತಿನ ಚೀಟಿ. ಮಕ್ಕಳನ್ನು ಚುಚ್ಚುಮದ್ದಿಗೆ ಕರೆತರುವುದು, ಕೇರಿಯವರ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ಕೇರಿಯವರಿಗೆ ಮುಟ್ಟಿಸುವುದು. ಡಾಕ್ಟರ್ ಮಾಲಿಕೋವಾಗೆ ಎರಡು ಸಾವಿರ ರೋಗಿಗಳು. ಕೇರಿಯ ದಿನ ಬಂತೆಂದರೆ ಬೆಳಗಿನಿಂದಲೇ ಆಕೆಯ ಮುಖ ಗಂಟಾಗಿರುತ್ತಿತ್ತು.

ಆ ವರ್ಷದ ಶರತ್ಕಾಲದಲ್ಲಿ ಜಿಲ್ಲೆಯಿಂದ ಹೊಸ ಫಾರಂ ಬಂತು. ಹದಿನೈದು ತೊಂದರೆಗಳ ಪಟ್ಟಿ. ಹೊಟ್ಟೆನೋವು, ಬೆನ್ನುನೋವು, ಕೈಕಾಲು ನೋವು, ತಲೆನೋವು, ಎದೆನೋವು, ತಲೆಸುತ್ತು, ಉಸಿರುಕಟ್ಟುವುದು, ನಿದ್ದೆ ಬಾರದಿರುವುದು, ಹೀಗೆ. ಕಳೆದ ನಾಲ್ಕು ವಾರದಲ್ಲಿ ಎಷ್ಟು ಕಾಡಿತು? ಇಲ್ಲವೆಂದರೆ ಸೊನ್ನೆ. ಸ್ವಲ್ಪ ಅಂದರೆ ಒಂದು. ಬಹಳ ಅಂದರೆ ಎರಡು. ಎಲ್ಲ ಕೂಡಿದರೆ ಮೂವತ್ತಕ್ಕೆ ಎಷ್ಟು ಅಂತ ಬರುತ್ತದೆ.

"ನೀನೇ ಕೇಳಿ ಬರಿ. ನಂಗೆ ಟೈಮಿಲ್ಲ" ಎಂದರು ಡಾಕ್ಟರ್.

ಅರಾಂಕಾಗೆ ಖುಷಿಯೇ ಆಯಿತು. ಆ ಆಸ್ಪತ್ರೆಯಲ್ಲಿ ತನ್ನ ಜನರನ್ನು ಯಾರೂ ಹದಿನೈದು ಪ್ರಶ್ನೆ ಕೇಳಿದ್ದಿಲ್ಲ. ಮೂರು ಕೇಳಿದರೆ ಹೆಚ್ಚು. ಕೇರಿಯವರೂ ಮೊದಲು ನಕ್ಕರು, ಆಮೇಲೆ ನಿಜವಾಗಿಯೂ ಯೋಚಿಸಿ ಹೇಳತೊಡಗಿದರು.

"ಕೈಕಾಲು ನೋವು ಎಷ್ಟು, ಮಾವ?"

"ಎರಡರ ಮೇಲೆ ನಂಬರೇ ಇಲ್ವೇನೆ?" ಎಂದ ಮುದುಕ ಕೊಲೊಮಾನ್. ಅವನು ನಲವತ್ತು ವರ್ಷ ರೈಲ್ವೆ ಹಳಿಗೆ ಜಲ್ಲಿ ಹೊತ್ತವನು.

ಗಂಡನ ಜೊತೆ ಮಲಗುವಾಗ ನೋವಾಗುತ್ತದೆಯೇ ಎಂಬ ಪ್ರಶ್ನೆಗೆ ಹೆಂಗಸರು ಸೆರಗಿಲ್ಲದಿದ್ದರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. "ಅದನ್ನ ನನ್ ಗಂಡನ್ನೇ ಕೇಳು. ಅವನು ನಾಲ್ಕು ತಿಂಗಳಿಂದ ಪ್ರಾಗ್‌ನಲ್ಲಿ ಗಾರೆ ಕಲಸ್ತಾವ್ನೆ" ಎಂದಳು ಒಬ್ಬಳು.

ಆದರೆ ಮೊತ್ತಗಳು ಇಪ್ಪತ್ತೆರಡು, ಇಪ್ಪತ್ತನಾಲ್ಕು, ಇಪ್ಪತ್ತಾರು ಬಂದವು. ಸುಳ್ಳೇನಲ್ಲ. ಒಬ್ಬೊಬ್ಬರ ಮೈಯೂ ಹಾಗೇ ಇತ್ತು. ಡಾಕ್ಟರ್ ಆ ಹಾಳೆಗಳನ್ನು ಇಸ್ಪೀಟೆಲೆಯಂತೆ ತಿರುವಿ ಹಾಕಿದರು.

"ಎಲ್ರೂ ಸೇರಿ ಬಾಯಿಪಾಠ ಮಾಡ್ಕೊಂಡು ಬಂದಿದಾರಾ?"

"ಇಲ್ಲ ಡಾಕ್ಟರಮ್ಮ. ಅವರು ಹೇಳಿದ್ದೇ ಬರ್ದಿದೀನಿ."

"ನೋಡು, ಹದಿನೈದು ದಾಟಿದ್ರೆ ಮೈಯಲ್ಲಿ ಏನೂ ಇಲ್ಲ ಅಂತ ಅರ್ಥ. ಎಲ್ಲಾ ಕಡೆ ನೋವು ಅನ್ನೋರಿಗೆ ಎಲ್ಲೂ ನೋವಿರಲ್ಲ. ಅದು ಮನಸ್ಸಿಂದು. ನರದ ಮಾತ್ರೆ ಸಾಕು."

ಹೆಚ್ಚು ನೋವಿದ್ದವರಿಗೆ ಹೆಚ್ಚು ಅನುಮಾನ. ಹೆಂಗಸರು ಎದೆನೋವು ಅಂದರಂತೂ ಡಾಕ್ಟರ್ ತುಟಿ ಕೊಂಕಿಸುತ್ತಿದ್ದರು. "ಜಿಪ್ಸಿ ಹೆಂಗಸರಿಗೆಲ್ಲ ಎದೆನೋವು. ನಾಟಕಕ್ಕೆ ಅದೇ ಚೆನ್ನಾಗಿರೋದು."

ಕೊಲೊಮಾನ್‌ಗೆ ಎರಡು ಸಲ ನರದ ಮಾತ್ರೆ ಸಿಕ್ಕಿತು. ಮೂರನೇ ಸಲ ಅವನು ಹೊಟ್ಟೆ ಹಿಡಿದುಕೊಂಡು, ಮುಖ ಹಳದಿಯಾಗಿ ಬಂದ. ಅರಾಂಕಾ ಅವನ ಕಣ್ಣು ನೋಡಿದಳು. ಪೆನ್ನು ತೆಗೆದು ಹೊಟ್ಟೆಗೆ ಎರಡು, ವಾಕರಿಕೆಗೆ ಎರಡು ಹಾಕಿದಳು. ಉಳಿದದ್ದಕ್ಕೆಲ್ಲ ಸೊನ್ನೆ.

"ಇದು ಸರಿಯಾಗಿದೆ ನೋಡು" ಎಂದರು ಡಾಕ್ಟರ್. "ಸ್ಕ್ಯಾನಿಂಗ್‌ಗೆ ಕಳ್ಸು."

ಪಿತ್ತಕೋಶದ ತುಂಬ ಕಲ್ಲು. ಜಿಲ್ಲಾ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಕೊಲೊಮಾನ್ ಬದುಕಿ ಬಂದ. ಅವನ ಮನೆಯಿಂದ ಅರಾಂಕಾಗೆ ಬಿಸಿ ಮಾರಿಕ್ಲಿ ರೊಟ್ಟಿಯೂ ಹೊಗೆಯಲ್ಲಿಟ್ಟ ಹಂದಿಮಾಂಸವೂ ಬಂತು. "ಅರಾಂಕಾ ಬರೆದ್ರೆ ಕೆಲ್ಸ ಆಗುತ್ತೆ" ಎಂಬ ಮಾತು ಕೇರಿಯಲ್ಲೆಲ್ಲ ಹಬ್ಬಿತು.

ಅಲ್ಲಿಂದ ಅವಳು ಎಲ್ಲರ ನೋವನ್ನೂ ಕತ್ತರಿಸತೊಡಗಿದಳು. ಜನ ಹದಿನೈದನ್ನೂ ಹೇಳುತ್ತಿದ್ದರು. ಇವಳು ಎರಡೋ ಮೂರೋ ಆರಿಸುತ್ತಿದ್ದಳು. ಯಾವುದು ನಿಜವಾದ ಕಾಯಿಲೆ, ಯಾವುದು ಬರೀ ದಣಿವು, ಮುಖ ನೋಡಿದರೆ ತನಗೆ ತಿಳಿಯುತ್ತದೆ ಅನ್ನಿಸತೊಡಗಿತ್ತು. ಕೆಲವು ಸಲ ಗುರಿ ಮುಟ್ಟಿತು. ಡಾಕ್ಟರ ಕುರ್ಚಿಯಲ್ಲಿ ಅರ್ಧ ತಾನು ಕೂತ ಹಾಗೆ. ಇನ್ನರ್ಧದಲ್ಲಿ ಡಾಕ್ಟರೂ ಕೂತಿರಲಿಲ್ಲ. ಅದು ಅವಳಿಗೆ ಆಗ ಹೊಳೆಯಲಿಲ್ಲ.

ಫೆಬ್ರವರಿಯ ಒಂದು ಗುರುವಾರ ಗಿಜೆಲಾ ಬಂದಳು. ಐವತ್ತೆರಡು ವರ್ಷ. ಕೇರಿಗಿದ್ದ ಒಂದೇ ನಲ್ಲಿ ಹಿಮಕ್ಕೆ ಹೆಪ್ಪುಗಟ್ಟಿತ್ತು. ಊರ ಪಂಚಾಯಿತಿ ಅದನ್ನು ಬಿಸಿ ಮಾಡಿಸಲಿಲ್ಲ. ಗಿಜೆಲಾ ಹಳ್ಳದ ಪಕ್ಕ ನೆಲದಿಂದ ಉಕ್ಕುವ ಊಟೆಯಿಂದ ಎರಡೆರಡು ಬಕೀಟು ನೀರು ಗುಡ್ಡ ಹತ್ತಿಸುತ್ತಿದ್ದಳು. ಬೆಳಿಗ್ಗೆ ಮೂರು ಸಲ, ಸಂಜೆ ಎರಡು ಸಲ. ನಡುವೆ ಪಂಚಾಯಿತಿಯ ಕೆಲಸ. ಬಡವರಿಗೆ ಸರ್ಕಾರ ಕೊಡುವ ನೆರವಿನ ಹಣ ಬೇಕಾದರೆ ಆ ಕೆಲಸ ಮಾಡಲೇಬೇಕು. ಕಿತ್ತಲೆ ಬಣ್ಣದ ಅಂಗಿ ತೊಟ್ಟು ಊರಿನ ಬೀದಿಯ ಹಿಮ ಬಳಿಯುವುದು, ಕಬ್ಬಿಣದ ಹಾರೆಯಿಂದ ಮೆಟ್ಟಿಲುಗಳ ಮೇಲಿನ ಐಸು ಒಡೆಯುವುದು. ಆಸ್ಪತ್ರೆಯ ಮೆಟ್ಟಿಲನ್ನು ದಿನಾ ಒಡೆದು ಚೊಕ್ಕಟ ಮಾಡುತ್ತಿದ್ದವಳೂ ಅವಳೇ.

"ಹೇಳು ಚಿಕ್ಕಮ್ಮ. ಬೆನ್ನುನೋವು?"

"ಬೆನ್ನು ಬಿಡು. ಅದು ಈಗ ನಂದೇ ಅಲ್ಲ."

"ಕೈ?"

"ಎಡಗೈ ಎತ್ತೋಕಾಗಲ್ಲ. ಹಾರೆ ಹಿಡಿದೂ ಹಿಡಿದೂ."

"ಎದೆನೋವು?"

ಗಿಜೆಲಾ ಎದೆಯ ನಡುವೆ ಅಂಗೈ ಇಟ್ಟಳು. "ನೋವು ಅಂತಲ್ಲ ಕಣೇ. ಎದೆ ಮೇಲೆ ಯಾರೋ ಮಂಡಿಯೂರಿ ಕೂತಂಗೆ. ಬಕೀಟು ಇಳಿಸಿ ನಿಂತ್ರೆ ಎದ್ದೋಗ್ತಾರೆ. ಮತ್ತೆ ಎತ್ತಿದ್ರೆ ಮತ್ತೆ ಬರ್ತಾರೆ."

"ಎಷ್ಟು ಹಾಕ್ಲಿ?"

"ಎರಡು ಹಾಕು. ಉಸಿರಿಗೂ ಎರಡು ಹಾಕು. ಮೂರು ವಾರದ ಕೆಳಗೆ ಒಂದಿನ ಹೊಟ್ಟೆ ತೊಳಸಿ, ಬೆವತು, ಸತ್ತೇ ಹೋದೆ ಅನ್ಕಂಡಿದ್ದೆ. ಅವತ್ತಿಂದ ಮೈಯೇ ಸರಿಯಿಲ್ಲ."

ಕೂಡಿದರೆ ಇಪ್ಪತ್ತೈದು ಬಂತು. ಇಪ್ಪತ್ತೈದಕ್ಕೆ ನರದ ಮಾತ್ರೆ ಖಾತ್ರಿ. ಅರಾಂಕಾ ಹೊಸ ಹಾಳೆ ತೆಗೆದುಕೊಂಡಳು. ಗಿಜೆಲಾಳ ಬೆನ್ನು, ಹಾರೆ, ಬಕೀಟು, ಇಷ್ಟೇ ಅವಳ ಕಣ್ಣಿಗೆ ಕಂಡದ್ದು. ಎದೆ ಅಂತ ಬರೆದರೆ ಡಾಕ್ಟರ್ ತುಟಿ ಕೊಂಕಿಸಿ ಹಾಳೆಯನ್ನೇ ಪಕ್ಕಕ್ಕೆ ಸರಿಸುತ್ತಾರೆ. ಬೆನ್ನಿಗೆ ಎರಡು ಹಾಕಿದಳು. ಕೈಕಾಲಿಗೆ ಎರಡು. ನಿದ್ದೆಗೆ ಎರಡು. ಉಸಿರಿಗೆ ಸೊನ್ನೆ. ವಾಕರಿಕೆಗೆ ಸೊನ್ನೆ. ಎದೆನೋವಿಗೆ ಸೊನ್ನೆ.

ಗಿಜೆಲಾಗೆ ಓದಲು ಬರುತ್ತಿರಲಿಲ್ಲ. ಪೆನ್ನನ್ನೇ ನೋಡುತ್ತಿದ್ದಳು. "ಎಷ್ಟು ಬಂತು?"

"ಆರು."

"ಆರೇನಾ? ಅಷ್ಟೆಲ್ಲ ಹೇಳಿದ್ನಲ್ಲೇ."

"ಕಮ್ಮಿ ಇದ್ರೇನೆ ಒಳ್ಳೇದು ಚಿಕ್ಕಮ್ಮ. ನನ್ನ ನಂಬು."

"ನಿನ್ನ ನಂಬದೆ ಇನ್ಯಾರನ್ನ ನಂಬ್ಲಿ" ಎಂದು ಗಿಜೆಲಾ ಕರವಸ್ತ್ರದಿಂದ ಹಣೆ ಒರೆಸಿಕೊಂಡಳು. ಹೊರಗೆ ಹಿಮ ಬೀಳುತ್ತಿತ್ತು. ಆ ಹಣೆ ಬೆವತಿತ್ತು. ಅರಾಂಕಾ ಅದನ್ನು ನೋಡಿದಳು. ನೋಡಿಯೂ ಒಳಗೆ ಕರೆದುಕೊಂಡು ಹೋದಳು.

ಡಾಕ್ಟರ್ ಹಾಳೆ ನೋಡಿದರು. ಗಿಜೆಲಾಳನ್ನು ನೋಡಲಿಲ್ಲ. ಅವಳು ಗೋಡೆ ಪಕ್ಕದ ಕುರ್ಚಿಯಲ್ಲಿ ಕೋಟು ಕೂಡ ಬಿಚ್ಚದೆ ಕೂತಿದ್ದಳು. ಬೆನ್ನಿಗೆ ಎಕ್ಸ್‌ರೇ, ಹಚ್ಚಿಕೊಳ್ಳಲು ಮುಲಾಮು. ನಾಲ್ಕು ನಿಮಿಷದಲ್ಲಿ ಮುಗಿಯಿತು.

ಹನ್ನೊಂದನೇ ದಿನ ಗಿಜೆಲಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಿದ್ದಳು. ಕೈಯಲ್ಲಿ ಹಾರೆ ಇತ್ತು. ಸೋಮವಾರ. ಕೇರಿಯವರ ದಿನ ಅಲ್ಲ. ಕಿಟಕಿಯಿಂದ ನೋಡಿದ ಯೋಲಾನಾ, "ಬೆಳಗಾಗೋದ್ರೊಳಗೆ ಕುಡಿದಿದಾಳೆ" ಎಂದು ಒಳಗಿದ್ದವರಿಗೆ ಹೇಳಿದಳಂತೆ. ಔಷಧಿಗೆ ಬಂದ ಊರಿನ ಇಬ್ಬರು ಅವಳನ್ನು ದಾಟಿಕೊಂಡು ಒಳಗೆ ಹೋದರು. ಅಂಚೆಯವನು ಬಂದು ಕೂಗಿದಾಗಲೇ ಬಾಗಿಲು ತೆರೆದದ್ದು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿತ್ತು.

ಜಿಲ್ಲಾ ಆಸ್ಪತ್ರೆಯವರು ಹೆಣ ಕೊಯ್ದು ನೋಡಿ ಬರೆದರು. ಹೃದಯಾಘಾತ. ಇದು ಎರಡನೆಯದು. ಮೊದಲನೆಯದು ಸುಮಾರು ಐದು ವಾರದ ಹಿಂದೆ ಆಗಿದೆ, ಹೃದಯದ ಮೇಲೆ ಅದರ ಗುರುತಿದೆ.

ಅರಾಂಕಾ ಲೆಕ್ಕ ಹಾಕಿದಳು. ಹಾಕಬೇಕಾದ್ದೇ ಇರಲಿಲ್ಲ. ಹೊಟ್ಟೆ ತೊಳಸಿ ಬೆವತ ದಿನ ಅದು. ಗಿಜೆಲಾ ಅದನ್ನು ಅವಳ ಮುಂದೆ ಬಾಯಿಬಿಟ್ಟು ಹೇಳಿದ್ದಳು.

ಮಣ್ಣು ಮಾಡಿ ಬಂದ ದಿನ ಗಿಜೆಲಾಳ ಮಗಳು ಎರ್ಜಿಕಾ ಅರಾಂಕಾಳನ್ನು ತಬ್ಬಿಕೊಂಡು ಅತ್ತಳು. "ಅಕ್ಕಾ, ಆ ಆಸ್ಪತ್ರೇಲಿ ಅಮ್ಮನ ಮಾತು ಕೇಳಿಸ್ಕೊಂಡೋಳು ನೀನೊಬ್ಳೇ." ಅರಾಂಕಾ ಅವಳ ಬೆನ್ನು ಸವರಿದಳು. ಬಾಯಿ ತೆರೆಯಲಿಲ್ಲ. ಎರ್ಜಿಕಾಳ ಕಣ್ಣೀರು ಅವಳ ಕುತ್ತಿಗೆಯೊಳಗೆ ಇಳಿಯುತ್ತಿತ್ತು. ಆ ಹುಡುಗಿಯನ್ನು ದೂರ ತಳ್ಳಿ ಓಡಿಹೋಗಬೇಕು ಅನ್ನಿಸಿತು. ಓಡಲಿಲ್ಲ. ಆವತ್ತು ಊಟಕ್ಕೂ ಕೂತಳು. ಗಿಜೆಲಾಳ ಗಂಡ ಡೆಜಿಡೆರ್ ತಾನೇ ಎದ್ದುಬಂದು ಅವಳ ತಟ್ಟೆಗೆ ಮಾಂಸ ಬಡಿಸಿದ. ಅವಳು ತಿಂದಳು.

ಸಾವು ಆಸ್ಪತ್ರೆಯ ಮೆಟ್ಟಿಲಲ್ಲೇ ಆದದ್ದರಿಂದ ಆರೋಗ್ಯ ವಿಮೆಯವರು ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ಕಳಿಸಿದರು. ಅವನು ಬರುವ ಹಿಂದಿನ ದಿನ ಡಾಕ್ಟರ್ ಅರಾಂಕಾಳನ್ನು ಒಳಗೆ ಕರೆದರು. ಮೊದಲ ಸಲ ಕಾಫಿ ಕೊಟ್ಟರು.

"ಟೈಪ್ ಮಾಡ್ಸಿದೀನಿ. ರೋಗಿ ಎದೆನೋವು ಇಲ್ಲ ಅಂದ್ಳು, ನೀನು ಹಾಗೇ ಬರೆದೆ. ಅಷ್ಟೇ. ನಿನ್ನ ಅಕ್ಷರ ತಾನೆ ಇದು?"

"ನಂದೇ."

"ಮತ್ತೆ? ನಾಳೆ ಅವರ ಮುಂದೆ ಸೈನ್ ಹಾಕು. ನಿನ್ನ ಕೆಲಸಕ್ಕೇನೂ ಆಗಲ್ಲ. ನಿಮ್ಮ ಜನಕ್ಕೂ ನೀನು ಬೇಕಲ್ಲ."

ಅರಾಂಕಾ ಫಾರಮ್ಮಿನ ಒಂದು ಖಾಲಿ ಪ್ರತಿಯನ್ನು ಮನೆಗೆ ಒಯ್ದಳು. ಆರು ತಿಂಗಳಲ್ಲಿ ಮೊದಲ ಸಲ ಅದರ ಹಿಂಬದಿ ತಿರುಗಿಸಿ ಓದಿದಳು. ಸಣ್ಣ ಅಕ್ಷರದಲ್ಲಿತ್ತು. ಮೊತ್ತ ಎಷ್ಟೇ ಬಂದರೂ ರೋಗಿಯ ದೇಹವನ್ನು ಮೊದಲು ಪರೀಕ್ಷಿಸತಕ್ಕದ್ದು. ದೇಹದಲ್ಲಿ ಕಾರಣ ಇಲ್ಲವೆಂದು ಖಚಿತವಾಗದೆ ಮನಸ್ಸಿನದೆಂದು ತೀರ್ಮಾನಿಸಕೂಡದು. ಡಾಕ್ಟರ್ ಇದನ್ನು ತಿರುಗಿಸಿ ನೋಡಿರಲಿಲ್ಲ. ತಾನೂ ನೋಡಿರಲಿಲ್ಲ. ಅದನ್ನು ಓದಿ ತಿಳಿಯುವಷ್ಟು ಕಲಿತವಳು ಇಡೀ ಕೇರಿಯಲ್ಲಿ ತಾನೊಬ್ಬಳೇ.

ಮರುದಿನ ಅಧಿಕಾರಿ ಡಾಕ್ಟರ ಕೋಣೆಯಲ್ಲಿ ಮೇಜಿನ ಹಿಂದೆ ಕೂತಿದ್ದ. ಡಾಕ್ಟರ್, ಯೋಲಾನಾ ಪಕ್ಕದಲ್ಲಿದ್ದರು. ಡೆಜಿಡೆರ್ ಮತ್ತು ಎರ್ಜಿಕಾರನ್ನು ಕರೆಸಿ ಬಾಗಿಲ ಹತ್ತಿರ ನಿಲ್ಲಿಸಿದ್ದರು. ಅಧಿಕಾರಿ ಹಾಳೆ ಓದಿದ.

"ಎದೆನೋವು ಸೊನ್ನೆ. ಉಸಿರಿನ ತೊಂದರೆ ಸೊನ್ನೆ. ವಾಕರಿಕೆ ಸೊನ್ನೆ. ರೋಗಿಯೇ ಹೇಳಿದ್ದು. ಹಾಗಾಗಿ ಡಾಕ್ಟರಿಗೆ ಅನುಮಾನ ಬರೋಕೆ ಕಾರಣ ಇರ್ಲಿಲ್ಲ."

"ನಮ್ಮನೇಲಿ ದಿನಾ ಹೇಳ್ತಿದ್ಳಲ್ಲ ಸ್ವಾಮಿ" ಎಂದ ಡೆಜಿಡೆರ್. ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. "ಇಲ್ಲಿ ಬಂದು ಯಾಕೆ ಸುಳ್ಳು ಹೇಳ್ತಾಳೆ? ನನ್ ಹೆಂಡ್ತಿ ಸುಳ್ಳುಗಾತಿಯಾ?"

"ಹಾಗಂತ ಯಾರೂ ಅಂದಿಲ್ಲ. ಬರೆದಿರೋದು ಇದು." ಅಧಿಕಾರಿ ಟೈಪ್ ಮಾಡಿದ ಕಾಗದವನ್ನು ಅರಾಂಕಾಳತ್ತ ಸರಿಸಿ ಪೆನ್ನು ಕೊಟ್ಟ. "ನೀವು ಇಲ್ಲಿ ಸೈನ್ ಮಾಡಿ."

ಅರಾಂಕಾ ಪೆನ್ನು ತೆಗೆದುಕೊಂಡಳು. ಟೈಪ್ ಮಾಡಿದ ಕಾಗದವನ್ನು ಮುಟ್ಟಲಿಲ್ಲ.

"ಮಾಡಲ್ಲ" ಎಂದಳು. "ಅವಳು ಎರಡು ಅಂದ್ಳು. ಸೊನ್ನೆ ನಂದು."

ಅವಳು ಎರ್ಜಿಕಾಳ ಕಡೆ ತಿರುಗಲಿಲ್ಲ. ತಿರುಗಿದರೆ ಮಾತು ನಿಂತುಹೋಗುತ್ತಿತ್ತು. ಆರು ತಿಂಗಳಿಂದ ತಾನು ಮಾಡಿದ್ದನ್ನೆಲ್ಲ ಹೇಳಿದಳು. ಹೆಚ್ಚು ನೋವಿದ್ದವರಿಗೆ ನರದ ಮಾತ್ರೆ ಸಿಗುತ್ತಿದ್ದದ್ದು, ತಾನು ನೋವನ್ನು ಆರಿಸತೊಡಗಿದ್ದು, ಗಿಜೆಲಾಳ ಹಣೆ ಬೆವತದ್ದನ್ನು ನೋಡಿಯೂ ಬರೆಯದೆ ಬಿಟ್ಟದ್ದು.

ಡಾಕ್ಟರ್ ನಿರಾಳವಾಗಿ ಉಸಿರು ಬಿಟ್ಟರು. "ಕೇಳಿದ್ರಲ್ಲ. ಅವಳೇ ಒಪ್ಕೊಂಡ್ಳು."

ಅಧಿಕಾರಿಯ ಮುಖವೂ ಹಗುರಾಯಿತು. ಅವನು ಬರೆದುಕೊಳ್ಳತೊಡಗಿದ. ಸಹಾಯಕಿ ದಾಖಲೆ ತಿದ್ದಿದ್ದಾಳೆ.

"ನಂದು ಬರ್ಕೊಳ್ಳಿ" ಎಂದಳು ಅರಾಂಕಾ. "ಅದರ ಕೆಳಗೆ ಇದನ್ನೂ ಬರ್ಕೊಳ್ಳಿ. ಆ ಹೆಂಗಸು ಈ ಕುರ್ಚೀಲಿ ನಾಲ್ಕು ನಿಮಿಷ ಕೂತಿದ್ಳು. ಡಾಕ್ಟರಮ್ಮ ಅವಳ ಮೈ ಮುಟ್ಟಲಿಲ್ಲ. ಕೋಟು ಬಿಚ್ಚು ಅನ್ನಲಿಲ್ಲ. ಎದೆ ಮೇಲೆ ಸ್ಟೆತಾಸ್ಕೋಪ್ ಇಡಲಿಲ್ಲ. ಅದು ಅವರ ಕೊರಳಲ್ಲೇ ಇತ್ತು. ಇಟ್ಟಿದ್ರೆ ನನ್ನ ಸೊನ್ನೆ ಸುಳ್ಳು ಅಂತ ಅವತ್ತೇ ಗೊತ್ತಾಗ್ತಿತ್ತು. ನಮ್ಮ ಕೇರಿಯವರನ್ನ ಇಲ್ಲಿ ಯಾರೂ ಮುಟ್ಟಲ್ಲ. ಅದಕ್ಕೇ ನಮ್ಮ ಕೈಲಿ ಫಾರಂ ಕೊಟ್ಟಿರೋದು."

"ಏನ್ ಮಾತಾಡ್ತಿದೀಯ ನೀನು?" ಎಂದರು ಡಾಕ್ಟರ್.

"ಹಿಂದುಗಡೆ ತಿರುಗಿಸಿ ಓದಿ ಡಾಕ್ಟರಮ್ಮ. ನಾನೂ ನಿನ್ನೆ ಓದಿದೆ."

ಅಧಿಕಾರಿಯ ಪೆನ್ನು ಓಡಲಿಲ್ಲ. ಅದನ್ನು ನೋಡಿ ಅರಾಂಕಾ ಕೈ ಚಾಚಿ ಗಿಜೆಲಾಳ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಎದೆನೋವಿನ ಸೊನ್ನೆಯನ್ನು ಹೊಡೆದುಹಾಕಿದಳು. ಎರಡು ಬರೆದಳು. "ಯಾರೋ ಮಂಡಿಯೂರಿ ಕೂತಂಗೆ ಅಂದ್ಳು" ಎಂದು ಗಟ್ಟಿಯಾಗಿ ಹೇಳಿದಳು. ಉಸಿರಿಗೆ ಎರಡು. ವಾಕರಿಕೆಗೆ ಎರಡು.

"ಅದು ದಾಖಲೆ. ಮುಟ್ಟಬೇಡಿ" ಎಂದು ಅಧಿಕಾರಿ ಎದ್ದ.

"ಸುಳ್ಳು ಬರೆದಾಗ ಯಾರೂ ಬೇಡ ಅನ್ಲಿಲ್ಲ" ಎಂದು ಅವಳು ಬರೆಯುತ್ತಲೇ ಹೋದಳು. ಯೋಲಾನಾ ಬಂದು ಮಣಿಕಟ್ಟು ಹಿಡಿದಳು. ಹಾಳೆ ಹರಿಯಿತು. ಅಷ್ಟರಲ್ಲಿ ಹನ್ನೊಂದು ಸಾಲು ಆಗಿತ್ತು. ಬಿಳಿ ಕೋಟನ್ನು ಬಿಚ್ಚಿ ಕುರ್ಚಿಯ ಮೇಲೆ ಹಾಕಿ ಅರಾಂಕಾ ಹೊರಗೆ ಬಂದಳು.

ಮೆಟ್ಟಿಲ ಕೆಳಗೆ ಎರ್ಜಿಕಾ ಕಾಯುತ್ತಿದ್ದಳು.

"ಅಮ್ಮನ್ನ ಮಣ್ಣು ಮಾಡಿದ ದಿನ ನಾನು ನಿನ್ನ ತಬ್ಕೊಂಡೆ" ಎಂದಳು. "ಆಗ ಹೇಳಬಹುದಿತ್ತು."

"ಹೌದು" ಎಂದಳು ಅರಾಂಕಾ.

"ನಮ್ಮನೇಲಿ ಉಂಡೆ."

"ಹೌದು."

ಎರ್ಜಿಕಾ ಅಪ್ಪನ ತೋಳು ಹಿಡಿದುಕೊಂಡು ಹೊರಟುಹೋದಳು.

ಅರಾಂಕಾಳ ಕೆಲಸ ಹೋಯಿತು. ದಾಖಲೆ ತಿದ್ದಿದ್ದಕ್ಕೆ ಕೇಸು ಬಿತ್ತು. ಬಹಳ ದಿನದ ಮೇಲೆ ಕೋರ್ಟು ಒಂದು ವರ್ಷದ ಜೈಲು ಶಿಕ್ಷೆ ಹೇಳಿ, ನಡತೆ ಸರಿಯಿದ್ದರೆ ಜೈಲಿಗೆ ಹೋಗಬೇಕಿಲ್ಲ ಎಂದು ಬಿಟ್ಟಿತು. ಡಾಕ್ಟರಿಗೆ ಒಂದು ಕಾಗದ ಬಂತು. ಇನ್ನು ಮುಂದೆ ಹೆಚ್ಚು ಗಮನ ವಹಿಸಬೇಕು ಅಂತ. ಫಾರಂ ನಿಲ್ಲಲಿಲ್ಲ. ಈಗ ಯೋಲಾನಾ ಕಿಟಕಿಯೊಳಗಿನಿಂದಲೇ ಕೇಳಿ ಬರೆಯುತ್ತಿದ್ದಳು.

ಕೇರಿಯಲ್ಲಿ ಯಾರೂ ಅರಾಂಕಾಳನ್ನು ಬಯ್ಯಲಿಲ್ಲ. ಮಾತೂ ಆಡಿಸಲಿಲ್ಲ. ಕೊಲೊಮಾನ್ ಒಬ್ಬ ಎದುರಾದರೆ ತಲೆ ಆಡಿಸಿ, ಹಾಗೇ ನೆಲ ನೋಡಿಕೊಂಡು ಹೋಗುತ್ತಿದ್ದ. ಅವಳು ಬೆಳಿಗ್ಗೆ ಎದ್ದು ಊಟೆಯಿಂದ ಎರಡು ಬಕೀಟು ನೀರು ತಂದು ಡೆಜಿಡೆರ್‌ನ ಬಾಗಿಲಲ್ಲಿ ಇಡತೊಡಗಿದಳು. ಮೊದಲ ದಿನವೇ ಎರ್ಜಿಕಾ ಹೊರಗೆ ಬಂದು, ಅವಳ ಕಣ್ಣೆದುರೇ ಎರಡನ್ನೂ ಹಿಮದ ಮೇಲೆ ಚೆಲ್ಲಿದಳು. "ಇದರಿಂದ ನಿನ್ನ ಹೊಟ್ಟೆ ತಣ್ಣಗಾಗೋದು ಬೇಡ" ಎಂದಳು. ಅರಾಂಕಾ ಖಾಲಿ ಬಕೀಟು ಎತ್ತಿಕೊಂಡು ಮನೆಗೆ ಬಂದಳು. ಎರ್ಜಿಕಾ ಹೇಳಿದ್ದು ಸರಿಯಾಗಿತ್ತು. ಮತ್ತೆ ನೀರು ಒಯ್ಯಲಿಲ್ಲ.

ಏಪ್ರಿಲ್‌ನಲ್ಲಿ ಅವಳಿಗೇ ಕೆಮ್ಮು ಹಿಡಿಯಿತು. ವಾರ ತಡೆದಳು. ಜ್ವರ ಇಳಿಯದಿದ್ದಾಗ ಗುರುವಾರ ಆಸ್ಪತ್ರೆಗೆ ಹೋದಳು. ಸಾಲಿನಲ್ಲಿ ಹನ್ನೆರಡು ಜನ ಇದ್ದರು, ಎಲ್ಲರೂ ಕೇರಿಯವರು. ಎಲ್ಲರಿಗಿಂತ ಮುಂದೆ ಎರ್ಜಿಕಾ. ಏಳು ತಿಂಗಳ ಬಸುರಿ. ಯೋಲಾನಾ ಕಿಟಕಿಯಲ್ಲಿ ಫಾರಂ ಇಟ್ಟುಕೊಂಡು ಶುರು ಮಾಡಿದಳು.

"ಹೊಟ್ಟೆನೋವು? ಸೊನ್ನೆ, ಒಂದು, ಎರಡು?"

"ಹೇಳಲ್ಲ" ಎಂದಳು ಎರ್ಜಿಕಾ.

"ಏನಂದೆ?"

"ನಂಬರ್ ಹೇಳಲ್ಲ. ಒಳಗೆ ಬಿಡಿ. ಡಾಕ್ಟರ್ ಕೈ ಇಟ್ಟು ನೋಡ್ಲಿ. ನೋಡಿದ ಮೇಲೆ ಎಷ್ಟು ಬೇಕಾದ್ರೂ ಕೇಳಿ, ಹೇಳ್ತೀನಿ."

"ಹಂಗಾದ್ರೆ ಮನೆಗೆ ಹೋಗು. ನೆಕ್ಸ್ಟ್ ಯಾರು?"

ಎರಡನೆಯವನು ಕೊಲೊಮಾನ್. "ನಾನೂ ಹೇಳಲ್ಲ" ಎಂದ. ಅವನ ಹಿಂದಿನವಳು ಮಗು ಎತ್ತಿಕೊಂಡು ನಿಂತಿದ್ದಳು. ಅವಳೂ ತಲೆ ಅಲ್ಲಾಡಿಸಿದಳು. ಯಾರೂ ಕೂಗಲಿಲ್ಲ. ಯಾರೂ ಕದಲಲಿಲ್ಲ.

ಯೋಲಾನಾ ಸಾಲಿನ ಕೊನೆಗೆ ನೋಡಿದಳು. ಅರಾಂಕಾ ಕಂಡಳು.

"ಓ, ಇದಾ ವಿಷಯ. ಅವಳು ಹೇಳ್ಕೊಟ್ಳಾ?"

ಎರ್ಜಿಕಾ ಹಿಂದೆ ತಿರುಗಿಯೂ ನೋಡಲಿಲ್ಲ.

"ಅವಳ್ಯಾರು ನಮಗೆ ಹೇಳ್ಕೊಡೋಕೆ" ಎಂದಳು. "ನಮ್ಮಮ್ಮ ಹೇಳ್ಕೊಟ್ಳು. ಇದೇ ಮೆಟ್ಟಿಲ ಮೇಲೆ ಬಿದ್ದು ಹೇಳ್ಕೊಟ್ಳು."

ಅರ್ಧ ಗಂಟೆ ಹಾಗೇ ನಿಂತರು. ಕೊನೆಗೆ ಡಾಕ್ಟರ್ ಮಾಲಿಕೋವಾ ಬಾಗಿಲು ತೆಗೆದರು. ಸಾಲನ್ನು ನೋಡಿದರು. ಎರ್ಜಿಕಾಳನ್ನು ಒಳಗೆ ಕರೆದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕೋಟು ಬಿಚ್ಚುವಂತೆ ಹೇಳಿದ್ದು ಹೊರಗೆ ಕೇಳಿಸಿತು. "ಜೋರಾಗಿ ಉಸಿರೆಳ್ಕೋ" ಅಂದದ್ದು ಕೇಳಿಸಿತು. "ಇನ್ನೊಂದ್ಸಲ."

ಹೊರಗೆ ನಿಂತಿದ್ದ ಹನ್ನೆರಡು ಜನರೂ ತಮಗೇ ಹೇಳಿದಂತೆ ಉಸಿರೆಳೆದುಕೊಂಡರು.

ಒಬ್ಬೊಬ್ಬರೇ ಒಳಗೆ ಹೋದರು. ಕಾದವರು ಬೆಂಚಿನ ಮೇಲೆ ಕೂತು ಮೆಲ್ಲಗೆ ಮಾತಾಡಿಕೊಂಡರು. ಯಾರೋ ನಕ್ಕರು ಕೂಡ. ಬೆಂಚಿನ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಇತ್ತು. ಅರಾಂಕಾಗೆ ಜ್ವರ ಏರುತ್ತಿತ್ತು. ಬಾ, ಕೂರು ಎಂದು ಯಾರೂ ಕರೆಯಲಿಲ್ಲ. ಅವಳೂ ಹೋಗಿ ಕೂರಲಿಲ್ಲ. ಗೋಡೆಗೆ ಒರಗದೆ, ತನ್ನ ಸರದಿ ಬರುವವರೆಗೂ ನಿಂತೇ ಇದ್ದಳು.